ನಜರ್‌ಬಾದಿನ ಛತ್ರ, ಟೋಂಗಾದ ಗಡಿಯಾರ

ಮಾರ್ಚ್ ೧೦, ಸೋಮವಾರ

ಇವತ್ತಿನ ಸಭೆಯಲ್ಲಿ ಗೆದ್ದೆ. ಹೇಗೆ ಗೆದ್ದೆ ಎಂಬುದನ್ನು ನಾನೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಮ್ಯಾನೇಜರ್ ಲಕ್ಷ್ಮೀನರಸಿಂಹ ಸಾರ್ ನಡಾವಳಿಯಲ್ಲಿ "ಚರ್ಚೆ ನಡೆಯಿತು" ಎಂದಷ್ಟೇ ಬರೆದಿದ್ದಾರೆ. ಕಣ್ಣೆದುರು ಕ್ರಾಂತಿಯೇ ಆದರೂ ಅವರು ಬರೆಯುವುದು ಅದನ್ನೇ.

ನಜರ್‌ಬಾದಿನ ನಮ್ಮ ಮದುವೆ ಛತ್ರದ ಬುಕಿಂಗ್ ಇನ್ನು ಮುಂದೆ ಕಂಪ್ಯೂಟರಿನಲ್ಲಿ ಆಗಬೇಕು. ಅದಕ್ಕೆಂದು ಒಂದು ಮುಕ್ತ ತಂತ್ರಾಂಶವಿದೆ. ಯುರೋಪಿನಲ್ಲಿ ಯಾರೋ ಪುಣ್ಯಾತ್ಮರು ಸಭಾಭವನಗಳಿಗಾಗಿ ಬರೆದು ಜಗತ್ತಿಗೆ ಬಿಟ್ಟಿದ್ದಾರೆ. ಅದರಲ್ಲಿ ಎರಡು ಆವೃತ್ತಿ. ಸಮುದಾಯ ಆವೃತ್ತಿಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಎಂಟರ್‌ಪ್ರೈಸ್ ಆವೃತ್ತಿಗೆ ವರ್ಷವರ್ಷವೂ ದುಡ್ಡು ಕಟ್ಟಬೇಕು. ಕಟ್ಟಿದವರಿಗೆ ಕೆಲವು ಸವಲತ್ತು ಹೆಚ್ಚು, ಕಷ್ಟ ಬಂದಾಗ ಅವರ ಫೋನನ್ನು ಕಂಪನಿಯವರು ಎತ್ತುತ್ತಾರೆ. ಇದನ್ನು ಮಾರಲು ಹೆಬ್ಬಾಳದಿಂದ ಸಂಜಯ್ ಎಂಬುವರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ. ನಗುವೂ ಇಸ್ತ್ರಿ ಮಾಡಿದ್ದೇ.

ನಾನು ಎದ್ದು ನಿಂತೆ. ಛತ್ರದ ಗುಮಾಸ್ತೆಗೆ ಸಭೆಯಲ್ಲಿ ಮಾತಾಡುವ ಅಧಿಕಾರವಿಲ್ಲ, ಆದರೆ ನನ್ನ ಹತ್ತಿರ ಮುಕ್ತ ತಂತ್ರಾಂಶದ ಬಗ್ಗೆ ಜೆರಾಕ್ಸ್ ಮಾಡಿಸಿಟ್ಟ ಕಿರುಹೊತ್ತಿಗೆಗಳ ಒಂದು ಚೀಲವೇ ಇದೆ. ತಿಳಿವಳಿಕೆ ಎಂಬುದು ಊರ ಕೆರೆ, ಅದಕ್ಕೆ ಬೇಲಿ ಹಾಕಿ ಟಿಕೆಟ್ ಹರಿಯುವುದು ದ್ರೋಹ ಎಂದು ಹೇಳಿದೆ. ಅಧ್ಯಕ್ಷೆ ಪುಟ್ಟತಾಯಮ್ಮನವರು ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು.

"ಆಯ್ತು ಕಣವ್ವ ಗಗನಾ. ಫ್ರೀದು ಕೈ ಕೊಟ್ರೆ?"

"ಕೊಡಲ್ಲ ಅಮ್ಮಾವ್ರೆ. ಆಷಾಢ ಬರೋದ್ರೊಳಗೆ ಒಂದೇ ಒಂದು ಮದುವೆಗೆ ತೊಂದರೆ ಆದ್ರೂ ನಾನೇ ಕೆಲಸ ಬಿಟ್ಟು ಹೋಗ್ತೀನಿ."

"ಅಂಗಾದ್ರೆ ಫ್ರೀದೇ ಹಾಕು. ಬರ್ಕಳಿ ಮ್ಯಾನೇಜರ್ರೇ. ತೊಂದ್ರೆ ಆದ್ರೆ ಈ ಹುಡ್ಗಿ ಮನೇಗೆ, ದುಡ್ಡಿನದು ಛತ್ರಕ್ಕೆ."

ಇದನ್ನು ಮಾತ್ರ ಸಾರ್ ಒಂದಕ್ಷರ ಬಿಡದೆ ಬರೆದುಕೊಂಡರು.

ಕೆಸರೆಗೆ ಬಂದು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಈ ಮನೇಲಿ ಸಂಬಳ ತರೋಳು ನೀನೊಬ್ಳೇ. ಅದನ್ನ ಯಾರೋ ಕಾಣದೆ ಇರೋರು ಬರ್ದ ಕಂಪ್ಯೂಟ್ರಿಗೆ ಅಡ ಇಟ್ಬುಟ್ಟು ಬಂದ್ಯಾ?"

ಅವ್ವನಿಗೆ ಓದಿಸಬೇಕಾದ ಕಿರುಹೊತ್ತಿಗೆಗಳನ್ನು ಬೇರೆ ತೆಗೆದಿಟ್ಟಿದ್ದೇನೆ.

ಮಾರ್ಚ್ ೧೩, ಗುರುವಾರ

ಒಂದು ತೊಡಕು. ಯುರೋಪಿನ ಪುಣ್ಯಾತ್ಮರಿಗೆ ನಮ್ಮ ಮದುವೆ ಗೊತ್ತಿಲ್ಲ.

ನಮ್ಮಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ, ಮಧ್ಯಾಹ್ನ ಊಟ ಮಾಡಿ ಛತ್ರ ಖಾಲಿ. ಅದೇ ಸಂಜೆ ಇನ್ನೊಂದು ಮದುವೆಯವರು ಬರುತ್ತಾರೆ. ಆದರೆ ತಂತ್ರಾಂಶಕ್ಕೆ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿ. ಒಂದು ಮದುವೆ ಬುಕ್ ಮಾಡಿದರೆ ಎರಡು ದಿನಕ್ಕೂ ಕೆಂಪು ಬಣ್ಣ ಬಳಿದು ಕೂರುತ್ತದೆ. ಹೀಗಾದರೆ ಸೀಸನ್ನಿನ ಅರ್ಧ ಮದುವೆ ಕೈತಪ್ಪುತ್ತವೆ.

ದಿನ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂದು ಬದಲಾಯಿಸಿಕೊಳ್ಳುವ ಜಾಗವೇನೋ ಇದೆ. ಅದರ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ. ಬೀಗವನ್ನು ಒತ್ತಿದರೆ ಸಂಜಯ್ ಅವರ ಫೋನ್ ನಂಬರ್ ಬರುತ್ತದೆ.

ನಾನು ಆ ನಂಬರಿಗೆ ಫೋನ್ ಮಾಡುವುದಿಲ್ಲ.

ಮಾರ್ಚ್ ೧೪, ಶುಕ್ರವಾರ

ಮದುವೆಯನ್ನು ಬದಲಾಯಿಸಲು ಆಗದಿದ್ದರೆ ಗಡಿಯಾರವನ್ನು ಬದಲಾಯಿಸಬೇಕು.

"ನಿಮ್ಮ ಸಭಾಭವನ ಯಾವ ದೇಶದಲ್ಲಿದೆ?" ಎಂದು ತಂತ್ರಾಂಶ ಕೇಳುತ್ತದೆ. ಆ ಪ್ರಶ್ನೆಗೆ ಬೀಗವಿಲ್ಲ. ಭೂಪಟ ಹರಡಿಕೊಂಡು ಕೂತೆ. ಶಾಂತ ಸಾಗರದಲ್ಲಿ ಟೋಂಗಾ ಎಂಬ ದ್ವೀಪದೇಶವಿದೆ. ನಮಗೆ ಸಂಜೆ ನಾಲ್ಕೂವರೆ ಆದಾಗ ಅಲ್ಲಿ ನಡುರಾತ್ರಿ, ಹೊಸ ದಿನ ಶುರು. ಅಂದರೆ ಟೋಂಗಾದ ಒಂದು ದಿನ ನಮ್ಮ ಸಂಜೆ ನಾಲ್ಕೂವರೆಗೆ ಹುಟ್ಟಿ ಮರುದಿನ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ. ಅದು ದೇಶವಲ್ಲ, ಸಾಕ್ಷಾತ್ ಮೈಸೂರಿನ ಮದುವೆ ಛತ್ರ.

ನಮ್ಮ ಛತ್ರ ಟೋಂಗಾದಲ್ಲಿದೆ ಎಂದು ತಂತ್ರಾಂಶಕ್ಕೆ ಹೇಳಿದೆ. ಇನ್ನು ಮುಹೂರ್ತದ ತಾರೀಖು ಒತ್ತಿದರೆ ಸಾಕು, ಹಿಂದಿನ ಸಂಜೆಯೂ ತಾನಾಗಿ ಸೇರಿಕೊಳ್ಳುತ್ತದೆ.

ಲಕ್ಷ್ಮೀನರಸಿಂಹ ಸಾರ್ ಬಹಳ ಹೊತ್ತು ಪರದೆಯನ್ನು ನೋಡಿದರು. "ಟೋಂಗಾದವರು ಏನೂ ಅಂದ್ಕೊಳಲ್ವೇನಮ್ಮ?" ಎಂದರು.

ಏಪ್ರಿಲ್ ೧೬, ಬುಧವಾರ

ಸೀಸನ್ ಶುರುವಾಗಿದೆ. ಒಂದರ ಬೆನ್ನಿಗೊಂದು ಮದುವೆ. ಯಾವುದೂ ಯಾವುದಕ್ಕೂ ತಾಗಿಲ್ಲ.

ಸಣ್ಣಪುಟ್ಟ ವಿಷಯಗಳು ಇದ್ದೇ ಇರುತ್ತವೆ. ಮುಹೂರ್ತದ ದಿನ ಬೆಳಗ್ಗೆ ಎಂಟಕ್ಕೆ ಮದುವೆ ಮನೆಯವರಿಗೆ "ಶುಭೋದಯ, ನಿಮ್ಮ ಸಮಾರಂಭ ಇಂದು" ಎಂಬ ಮೆಸೇಜು ಹೋಗುತ್ತದೆ. ಟೋಂಗಾದ ಬೆಳಗ್ಗೆ ಎಂಟು ನಮಗೆ ರಾತ್ರಿ ಹನ್ನೆರಡೂವರೆ. ಮೊನ್ನೆ ಹೆಣ್ಣಿನ ಮನೆಯವರೆಲ್ಲ ಆ ಹೊತ್ತಿಗೇ ಎದ್ದು ತಲೆಗೆ ನೀರು ಹಾಕಿಕೊಂಡು ಕೂತಿದ್ದರಂತೆ. ನನಗೆ ನೆನಪಿರುವ ಹಾಗೆ ಮುಹೂರ್ತಕ್ಕೆ ಎಲ್ಲರೂ ತಯಾರಾಗಿದ್ದ ಮೊದಲ ಮದುವೆ ಅದು.

ಪರದೆಯ ಮೂಲೆಯಲ್ಲಿ ಟೋಂಗಾದ ಹವಾಮಾನವೂ ಬರುತ್ತದೆ. ಸಾರ್ ಅದನ್ನು ನೋಡಿ, ಭಾರಿ ಗಾಳಿಯಂತೆ ಎಂದು ಶಾಮಿಯಾನದ ಹಗ್ಗಗಳನ್ನೆಲ್ಲ ಬಿಗಿ ಮಾಡಿಸಿದರು. ಒಂದು ಎಲೆಯೂ ಅಲುಗಲಿಲ್ಲ. "ನೋಡಿದ್ಯೇನಮ್ಮ, ಬಿಗಿ ಮಾಡ್ಸಿದ್ದಕ್ಕೇ ಏನೂ ಆಗಲಿಲ್ಲ."

ತಾಂಬೂಲದ ಚೀಲಗಳಲ್ಲಿ ತೆಂಗಿನಕಾಯಿಯ ಪಕ್ಕ ನಾನು ಬರೆದ ಕರಪತ್ರವನ್ನೂ ಇಟ್ಟೆ: "ಬೀಗ ಹಾಕಿದ ತಂತ್ರಾಂಶ ಯಾರಿಗಾಗಿ?" ಒಬ್ಬ ಹೆಂಗಸು ಗೇಟಿನಿಂದ ವಾಪಸು ಬಂದರು. "ಈ ಸ್ಕೀಮಿಗೆ ತಿಂಗ್ಳಿಗೆ ಎಷ್ಟು ಕಟ್ಬೇಕು ಕಣಮ್ಮ?"

ಏನೂ ಕಟ್ಟಬೇಕಾಗಿಲ್ಲ, ಪುಕ್ಕಟೆ ಎಂದೆ.

"ಪುಕ್ಕಟೆಯಾ? ಬ್ಯಾಡ ಬುಡು. ಅಂಥೋರೇ ಓಡೋಗೋದು."

ಏಪ್ರಿಲ್ ೨೭, ಭಾನುವಾರ

ಚಳವಳಿ ಹಬ್ಬುತ್ತಿದೆ. ಕೆಸರೆಯಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಛತ್ರದ ವಸಂತ್ ಎಂಬುವರು ಸುದ್ದಿ ಕೇಳಿ ಫೋನ್ ಮಾಡಿದ್ದರು. ರಜೆಯ ದಿನ ಹೋಗಿ ಅವರ ಛತ್ರವನ್ನೂ ಟೋಂಗಾಕ್ಕೆ ಸೇರಿಸಿ ಬಂದೆ. ಜೇಬಿಗೆ ಕೈ ಹಾಕಿದರು. ಕೆರೆಯ ನೀರಿಗೆ ಬೆಲೆ ಕಟ್ಟಬೇಡಿ ಎಂದೆ. ಕಣ್ಣಲ್ಲಿ ನೀರು ಬಂದಂತೆ ಕಂಡಿತು. ಆಮೇಲೆ ಒಂದು ಡಬ್ಬಿ ಚಿರೋಟಿ ಕೊಟ್ಟರು. ತಗೊಂಡೆ. ಚಿರೋಟಿ ದುಡ್ಡಲ್ಲ.

ಮೇ ೮, ಗುರುವಾರ

ಮೈಸೂರಿನ ಅರ್ಧ ಮದುವೆಗಳು ಟೋಂಗಾದಲ್ಲಿ ನಡೆಯುತ್ತಿವೆ. ಎಲ್ಲ ಛತ್ರಗಳ ಫೋನೂ ನನಗೇ. ಪ್ರಿಂಟರಿಗೆ ಶಾಯಿ ಮುಗಿದರೂ ನನಗೇ. ಬಚ್ಚಲಲ್ಲಿ ಇರುವಾಗ ಒಬ್ಬರು, ಬಸ್ಸಿನಲ್ಲಿ ನಿಂತಿರುವಾಗ ಮತ್ತೊಬ್ಬರು. ನಿನ್ನೆ ಒಬ್ಬರು ಫೋನ್ ಮಾಡಿ ಟೋಂಗಾದಲ್ಲಿ ರಾಹುಕಾಲ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಇನ್ನು ಮೇಲೆ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಮಾತ್ರ ಫೋನ್ ಎತ್ತುತ್ತೇನೆ. ಇದು ಶಿಸ್ತು. ಶಿಸ್ತಿಲ್ಲದ ಚಳವಳಿ ಉಳಿಯುವುದಿಲ್ಲ.

ಮೇ ೧೪, ಬುಧವಾರ

ನ್ಯಾಯದ ಒಂದು ಪ್ರಶ್ನೆಯನ್ನು ಆಳವಾಗಿ ಯೋಚಿಸಿದೆ. ವಸಂತ್ ಅವರು ಚಿರೋಟಿ ಕೊಟ್ಟರು, ಬೇರೊಬ್ಬರು ಬಸ್ ಪಾಸ್ ಮಾಡಿಸಿಕೊಟ್ಟರು, ಇನ್ನು ಕೆಲವರು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಇಬ್ಬರ ಫೋನೂ ಒಟ್ಟಿಗೆ ಬಂದರೆ ಯಾರದನ್ನು ಮೊದಲು ಎತ್ತಬೇಕು? ವಂತಿಗೆ ಕೊಟ್ಟವರದನ್ನು. ಕೊಡದವರದನ್ನೂ ಎತ್ತುತ್ತೇನೆ, ಆಮೇಲೆ. ಇದನ್ನು ಬೆಲೆ ಎನ್ನಬಾರದು. ಬೆಲೆ ಎಂದರೆ ಕಂಪನಿ ಕೇಳುವುದು. ವಂತಿಗೆ ಎಂದರೆ ನಾನು ಕೇಳುವುದು.

ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಾಗ ಪುಟ್ಟತಾಯಮ್ಮನವರೇ ಆಫೀಸಿಗೆ ಬಂದರು. ಮೊಮ್ಮಗಳು ಶಾಲಿನಿಯ ಮದುವೆ ನಮ್ಮ ಛತ್ರದಲ್ಲೇ ಅಂತೆ.

"ಜೂನ್ ಐದು, ಗುರುವಾರ ಬೆಳಿಗ್ಗೆ ಮುಹೂರ್ತ ಕಣವ್ವ. ಆ ಹುಡುಗನ ತಾತ ಒಂಥರಾ ಮನ್ಸ, ಅವ್ರದ್ದು ಎಲ್ಲಾನೂ..."

ಅಷ್ಟರಲ್ಲಿ ಫೋನ್ ಬಂತು. ವಂತಿಗೆ ಕೊಟ್ಟವರದ್ದು. ಅಮ್ಮಾವ್ರಿಗೆ ಒಂದು ನಿಮಿಷ ಎಂದು ಕೈ ತೋರಿಸಿ, ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಜೂನ್ ಐದನ್ನು ಒತ್ತಿದೆ. ಹಸಿರು ಬಂತು. ಅವರು ಹೇಳುವುದು ಇನ್ನೂ ಏನೋ ಇತ್ತು, ಆದರೆ ತಾರೀಖು ಗೊತ್ತಾದ ಮೇಲೆ ಉಳಿದದ್ದನ್ನು ಟೋಂಗಾ ನೋಡಿಕೊಳ್ಳುತ್ತದೆ.

ಮೇ ೨೫, ಭಾನುವಾರ

ಯಾರದೋ ಮದುವೆಯ ಊಟಕ್ಕೆ ಸಂಜಯ್ ಬಂದಿದ್ದರು. ಎಲೆಯ ಮುಂದೆ ನನ್ನ ಪಕ್ಕವೇ ಕೂತರು. ನಾನು ಅಚ್ಚು ಹಾಕಿಸಿದ ಹೊಸ ಕಾರ್ಡನ್ನು ಓದಲು ಕೊಟ್ಟೆ. ಸಾಧಾರಣ ಬೆಂಬಲಿಗರಿಗೆ ಸಂಜೆ ಫೋನು. ವಿಶೇಷ ಬೆಂಬಲಿಗರಿಗೆ ಯಾವ ಹೊತ್ತಿನಲ್ಲಾದರೂ ಫೋನು, ಬೇಕಾದರೆ ಛತ್ರಕ್ಕೇ ಭೇಟಿ.

"ಮತ್ತೆ ಏನೂ ಕೊಡದೆ ಇರೋರು?"

"ಅವರು ಸಮುದಾಯ. ಒಬ್ಬರಿಗೊಬ್ಬರು ಸಹಾಯ ಮಾಡ್ಕೋಬೇಕು."

ಅವರು ಒಂದು ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡರು. "ನಮ್ಮ ಮೇಲಿನವರಿಗೆ ತೋರಿಸ್ತೀನಿ ಕಣ್ರೀ. ನಮ್ಮದಕ್ಕಿಂತ ನೀಟಾಗಿದೆ." ಎದುರಾಳಿಯೂ ಬದಲಾಗುತ್ತಿದ್ದಾನೆ. ಹೋಳಿಗೆ ಎರಡನೇ ಸಲ ಹಾಕಿಸಿಕೊಂಡೆ.

ಜೂನ್ ೪, ಬುಧವಾರ

ಇವತ್ತು ಸಂಜೆ ಶಾಲಿನಿಯ ಆರತಕ್ಷತೆ. ಛತ್ರಕ್ಕೆ ದೀಪ ಹಾಕಿಸಿದೆ. ವೇದಿಕೆಯ ಸೋಫಾ ಒರೆಸಿಸಿದೆ. ಬಾಗಿಲಲ್ಲಿ ಪನ್ನೀರು ಹಿಡಿದು ನಾನೇ ನಿಂತೆ. ಒಬ್ಬರೂ ಬರಲಿಲ್ಲ.

ಪುಟ್ಟತಾಯಮ್ಮನವರಿಗೆ ಫೋನ್ ಮಾಡಿದೆ.

"ಇವತ್ತೆಲ್ಲೈತವ್ವ? ನಾಳೆ ಸಂಜೆ ಅಲ್ವಾ ಆರತಕ್ಷತೆ? ತಾಳಿ ಕಟ್ಟೋಕೆ ಮುಂಚೆ ಹುಡ್ಗ ಹುಡ್ಗಿ ಜೊತೇಲಿ ನಿಲ್ಲಂಗಿಲ್ಲ ಅಂತ ಆ ತಾತಂದು ಹಟ. ವರಪೂಜೆನೂ ಬೆಳಿಗ್ಗೇನೇ. ಅವತ್ತು ಬಂದು ಹೇಳಿದ್ನಲ್ಲ, ನೀನು ಫೋನಲ್ಲಿದ್ದೆ."

ನಾಳೆ ಸಂಜೆ ನಾಲ್ಕೂವರೆಗೆ ಟೋಂಗಾದಲ್ಲಿ ಜೂನ್ ಆರು ಶುರುವಾಗುತ್ತದೆ. ಆರನೆಯ ತಾರೀಖಿನ ಮುಹೂರ್ತ ಸಮನ್ವಿತಾ ಎಂಬ ಹುಡುಗಿಯದ್ದು. ಅವರ ಆರತಕ್ಷತೆಯೂ ನಾಳೆ ಸಂಜೆಯೇ.

ಒಂದು ಛತ್ರ, ಒಂದು ಸಂಜೆ, ಎರಡು ಮದುವೆ.

ಗೊತ್ತಿರುವ ಛತ್ರಗಳಿಗೆಲ್ಲ ಫೋನ್ ಮಾಡಿದೆ. ಎಲ್ಲಿಯೂ ಖಾಲಿ ಇಲ್ಲ. ಎಲ್ಲೂ ಒಂದು ಸಂಜೆಯೂ ಖಾಲಿ ಉಳಿಯದ ಹಾಗೆ ಮಾಡಿಕೊಟ್ಟವಳು ನಾನೇ.

ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಇನ್ನೂ ಹೇಳಿಲ್ಲ.

ಜೂನ್ ೬, ಶುಕ್ರವಾರ

ನಿನ್ನೆಯದ್ದನ್ನು ಬರೆಯುತ್ತೇನೆ.

ಬೆಳಗ್ಗೆ ಶಾಲಿನಿಯ ಮುಹೂರ್ತ ಸುಸೂತ್ರವಾಗಿ ಆಯಿತು. ಸಂಜೆಯ ವಿಷಯವನ್ನು ಎರಡೂ ಮನೆಯವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿರಲಿಲ್ಲ. ಸಂಜೆ ಐದಕ್ಕೆ ಸಮನ್ವಿತಾಳ ಕಡೆಯವರು ವ್ಯಾನಿನಿಂದ ಇಳಿದರು. ಅವಳ ತಾಯಿ ಶಾರದ ಅವರು ಗೇಟಿನಲ್ಲಿ ಹೂವಿನಲ್ಲಿ ಬರೆದ ಶಾಲಿನಿಯ ಹೆಸರನ್ನು ನೋಡಿ, "ನಮ್ಮ ಹುಡುಗಿ ಹೆಸರು ಇದಲ್ಲವಲ್ಲ" ಎಂದರು, ಹೂವಿನವನದೇ ತಪ್ಪು ಎನ್ನುವ ಹಾಗೆ. ಒಳಗೆ ಬಂದರೆ ಸೋಫಾದ ಮೇಲೆ ಬೇರೆ ಜೋಡಿ ಕೂತಿದೆ, ಅಡುಗೆಮನೆಯಲ್ಲಿ ಎರಡು ತಂಡದವರು ಒಂದೇ ಒಲೆಗಾಗಿ ಸೌಟು ಹಿಡಿದು ನಿಂತಿದ್ದಾರೆ. ಲಕ್ಷ್ಮೀನರಸಿಂಹ ಸಾರ್ ಎಲ್ಲರಿಗೂ "ಇದು ಟೋಂಗಾ ಕಡೆಯ ಸಮಸ್ಯೆ, ಮೇಲಿನವರಿಗೆ ತಿಳಿಸಿದ್ದೀವಿ" ಎಂದು ಹೇಳುತ್ತಿದ್ದರು.

ಶಾರದ ಅವರ ಕಣ್ಣು ತುಂಬಿತು. ವಾದ್ಯದವರ ಮೈಕು ತೆಗೆದುಕೊಂಡೆ.

"ಬಂಧುಗಳೇ, ವೇದಿಕೆ ಯಾರೊಬ್ಬರ ಸ್ವತ್ತೂ ಅಲ್ಲ. ಬೇಲಿ ಹಾಕಿದ ಸಂತೋಷ..."

"ಮೈಕು ಕೊಡವ್ವ, ಸಾಕು," ಎಂದು ಪುಟ್ಟತಾಯಮ್ಮನವರು ಕಿತ್ತುಕೊಂಡರು. ಸೋಫಾವನ್ನು ಒಮ್ಮೆ ಅಳತೆ ಮಾಡುವವರಂತೆ ನೋಡಿದರು. "ಉದ್ದಕ್ಕೈತೆ. ನಾಲ್ಕು ಜನಾನೂ ಕೂತ್ಕಳಿ. ಊಟ ಎರಡೂ ಕಡೇದು ಎಲ್ರಿಗೂ. ಶಾರದಮ್ಮಾರೆ, ನೀವು ಅಳಬ್ಯಾಡಿ, ಈ ಹುಡ್ಗಿ ಅಳೋದು ಬಾಕಿ ಐತೆ."

ನಾಲ್ವರೂ ಕೂತರು. ಅಷ್ಟರಲ್ಲಿ ಶಾಲಿನಿಯ ಗಂಡನ ತಾತ ಎದ್ದರು. "ಅವ್ರಿಗೆ ತಾಳಿ ನಾಳೆ ತಾನೇ? ಇವತ್ತು ಹೆಂಗೆ ಪಕ್ಕದಲ್ಲಿ ಕೂತ್ಕತಾರೆ?" ಎಂದವರೇ ವೇದಿಕೆ ಹತ್ತಿ ಸಮನ್ವಿತಾಳಿಗೂ ಅವಳ ಹುಡುಗನಿಗೂ ನಡುವೆ ತಾವೇ ಕೂತುಬಿಟ್ಟರು. ಯಾರಿಂದಲೂ ಎಬ್ಬಿಸಲು ಆಗಲಿಲ್ಲ.

ವೇದಿಕೆಗೆ ಹತ್ತುವುದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ. ಸಾಲಿನಲ್ಲಿ ನಿಂತವರು ಐವರನ್ನೂ ದಾಟಿಯೇ ಹೋಗಬೇಕು. ಕೆಲವರು ಮೊದಲು ಸಿಕ್ಕ ಜೋಡಿಯ ಕೈಗೆ ಉಡುಗೊರೆ ಕೊಟ್ಟು ಮುಂದೆ ಹೋದಮೇಲೆ ನಮ್ಮ ಹುಡುಗಿ ಇವಳಲ್ಲವೇ ಎಂದು ನಾಲಿಗೆ ಕಚ್ಚಿಕೊಂಡರು. ಒಬ್ಬರು ವಾಪಸು ಕೇಳಿದರು. ಹೆಚ್ಚಿನವರು ತಾತನ ಕಾಲಿಗೆ ನಮಸ್ಕಾರ ಮಾಡಿದರು. ಅವರು ಎರಡೂ ಕಡೆಯವರಿಗೆ ತಾರತಮ್ಯವಿಲ್ಲದೆ ಗಂಡು ಸಂತಾನವಾಗಲಿ ಎಂದರು, ನಿವೃತ್ತ ಮೇಷ್ಟರೊಬ್ಬರಿಗೂ ಅದನ್ನೇ ಅಂದರು. ಸಮನ್ವಿತಾಳ ಆರತಕ್ಷತೆಯ ಒಂದೊಂದು ಫೋಟೋದಲ್ಲೂ ನಟ್ಟನಡುವೆ ಅವರೇ ಇದ್ದಾರೆ. ಕೊನೆಕೊನೆಗೆ ಅವಳೇ ಅವರಿಗೆ ಐಸ್‌ಕ್ರೀಮ್ ತಿನ್ನಿಸುತ್ತಿದ್ದಳು.

"ಯಾರೇ ಆ ತಾತ?" ಎಂದು ಶಾರದ ಅವರ ನೆಂಟರೊಬ್ಬರು ಕೇಳಿದರು.

"ಗೊತ್ತಿಲ್ಲ ಕಣೇ. ಛತ್ರದ ಜೊತೆಗೆ ಕೊಟ್ಟಿದ್ದಾರೆ," ಎಂದರು ಶಾರದ. ಆಮೇಲೆ ನಕ್ಕರು.

ಹೀಗಾಗಿ ಯಾರೂ ಜಗಳವಾಡಲಿಲ್ಲ. ಆದರೆ ಪುಟ್ಟತಾಯಮ್ಮನವರು ಹೊರಡುವಾಗ ನನ್ನ ಹತ್ತಿರ ನಿಂತರು. "ಸೋಮವಾರ ಸಭೆ ಕರ್ದಿವ್ನಿ. ಮಾತು ಗ್ಯಾಪಕ ಐತಲ್ಲವ್ವ?"

ಇದೆ.

ಜೂನ್ ೯, ಸೋಮವಾರ

ರಾಜೀನಾಮೆ ಕೊಟ್ಟೆ. ಯಾರಾದರೂ ಬೇಡ ಎನ್ನುತ್ತಾರೆಂದು ಸ್ವಲ್ಪ ಹೊತ್ತು ನಿಂತೆ.

"ಆಡಿದ ಮಾತಿಗೆ ನಿಂತ್ಕೊಂಡೆ, ಒಳ್ಳೇದು," ಎಂದರು ಪುಟ್ಟತಾಯಮ್ಮ. "ಬೀಗದ ಕೈ ಮೇಜಿನ ಮೇಲಿಡು."

ಸಂಜಯ್ ಎಂಟರ್‌ಪ್ರೈಸ್ ಆವೃತ್ತಿಯ ಕಾಗದಪತ್ರ ಹಿಡಿದು ಬಂದಿದ್ದರು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"ಭಾನುವಾರ ಮುಹೂರ್ತದಾಗೆ ಎಡವಟ್ಟಾದ್ರೆ ಫೋನ್ ಎತ್ತೀರಾ?"

"ಸೋಮವಾರದಿಂದ ಶುಕ್ರವಾರ ಅಮ್ಮ, ಆಫೀಸ್ ಟೈಮಲ್ಲಿ. ಉಳಿದ ಟೈಮಲ್ಲಿ ಮೇಲ್ ಹಾಕ್ಬಹುದು."

"ಪುರೋಹಿತ್ರು ತಾಳಿ ಹಿಡ್ಕೊಂಡು ನಿಂತಿರ್ತಾರೆ ಕಣಪ್ಪ. ಸೋಮವಾರದ ತನಕ ಹಂಗೇ ನಿಂತಿರಿ ಅನ್ಲಾ?"

ಅವರು ಕೊಂಡರೋ ಇಲ್ಲವೋ ಗೊತ್ತಿಲ್ಲ. ನಾನು ಬಸ್ ಹಿಡಿದೆ.

ಅವ್ವ ಬೈಯಲಿಲ್ಲ. ಅನ್ನ ಹಾಕಿ, ಸಾರು ಹಾಕಿ, ಪಕ್ಕದಲ್ಲಿ ಕೂತಳು. ಬೈದಿದ್ದರೆ ವಾಸಿಯಿತ್ತು.

ಜೂನ್ ೧೨, ಗುರುವಾರ

ಮನೆಯಲ್ಲಿ ಕೂತು ಯೋಚಿಸಿದ್ದಕ್ಕೆ ಸಿಕ್ಕಿತು. ಒಂದು ಛತ್ರವನ್ನು ತಂತ್ರಾಂಶಕ್ಕೆ ಎರಡು ಛತ್ರ ಎಂದು ಹೇಳಬೇಕು: ಸಂಜೆ ಛತ್ರ, ಬೆಳಗಿನ ಛತ್ರ. ಯಾರಿಗೆ ಯಾವ ಸಂಜೆ ಬೇಕೋ ಅದನ್ನು ಬೇರೆಯಾಗಿ ಕೊಡಬಹುದು. ಬೀಗ ಒಡೆಯಬೇಕಾಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ.

ಮಧ್ಯಾಹ್ನ ಲಕ್ಷ್ಮೀನರಸಿಂಹ ಸಾರ್ ಫೋನ್ ಮಾಡಿದರು. "ಶ್ರಾವಣದ ಪಾರ್ಟಿ ಎದುರಿಗೇ ಕೂತಿದೆ ಕಣಮ್ಮ. ಹಿಂದಿನ ಸಂಜೇನೂ ಬೇಕಂತೆ, ಮುಂದಿನ ಸಂಜೇನೂ ಬೇಕಂತೆ."

ಫೋನಿನಲ್ಲೇ ಹೇಳಿ ಮಾಡಿಸಿದೆ. ಕೊನೆಗೆ ದೇಶವನ್ನು ಭಾರತ ಎಂದು ಬದಲಾಯಿಸಿ ಎಂದೆ.

"ಅಂದ್ರೆ ಟೋಂಗಾ ಬೇಕೇ ಇರಲಿಲ್ಲ?"

"ಚಳವಳಿಗೆ ಹಂತಗಳಿರ್ತವೆ ಸಾರ್."

"ಅಲ್ಲಿ ಇವತ್ತು ಒಳ್ಳೆ ಬಿಸಿಲಿತ್ತು ಕಣಮ್ಮ," ಎಂದರು. ಆಮೇಲೆ ಬದಲಾಯಿಸಿದರು.

ಪುಟ್ಟತಾಯಮ್ಮನವರು ಫೋನ್ ತಗೊಂಡರು. "ಆ ಹೆಬ್ಬಾಳದವ್ರದ್ದು ಬ್ಯಾಡ ಅಂದ್ವಿ. ಆದ್ರೂ ಕೆಲ್ಸಕ್ಕೆ ಬಾ ಅನ್ನಂಗಿಲ್ಲ, ಮಾತು ಮಾತೇ. ಭಾನುವಾರ ಫೋನ್ ಎತ್ತೀಯಾ?"

"ವಿಶೇಷ ಬೆಂಬಲಿಗರಾದ್ರೆ ಯಾವ ಹೊತ್ತಲ್ಲಾದ್ರೂ ಎತ್ತೀನಿ ಅಮ್ಮಾವ್ರೆ. ವರ್ಷಕ್ಕೊಂದು ಸಲ ವಂತಿಗೆ."

"ನಿನ್ನ ಸಂಬಳಕ್ಕಿಂತ ಕಮ್ಮಿನೋ ಜಾಸ್ತಿನೋ?"

ಹೇಳಿದೆ. ಅವರು ನಕ್ಕಿದ್ದು ಸ್ಪೀಕರ್ ಇಲ್ಲದೆಯೂ ಅವ್ವನಿಗೆ ಕೇಳಿಸಿತು. ಆಯಿತು ಎಂದರು.

ಜೂನ್ ೨೬, ಗುರುವಾರ

ಆಷಾಢ ಬಂತು. ಮದುವೆಗಳಿಲ್ಲ, ಆದರೆ ಶ್ರಾವಣದ ಬುಕಿಂಗ್ ಜೋರಾಗಿದೆ. ವಿಶೇಷ ಬೆಂಬಲಿಗ ಛತ್ರಗಳಿಗೆಲ್ಲ ಸಂಜೆ-ಬೆಳಗಿನ ಉಪಾಯವನ್ನು ಹೇಳಿಕೊಟ್ಟಾಯಿತು. ಉಳಿದವರಿಗೂ ಖಂಡಿತ ಕೊಡುತ್ತೇನೆ, ಪುಕ್ಕಟೆಯಾಗಿಯೇ, ದಸರಾ ಕಳೆದ ಮೇಲೆ. ಅಲ್ಲಿಯವರೆಗೆ ಅವರು ಟೋಂಗಾದಲ್ಲಿ ಇರಲಿ, ಅಲ್ಲಿಯೂ ಮನುಷ್ಯರೇ ಇರುವುದು. ಕೆರೆ ಎಲ್ಲರದ್ದೇ, ಆದರೆ ಎಲ್ಲರೂ ಒಟ್ಟಿಗೆ ಇಳಿದರೆ ನೀರು ಕದಡುತ್ತದೆ. ಇದರ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯಬೇಕು.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಡಿದುಕೊಂಡಿತು. ನಾನು ಏಳಲಿಲ್ಲ. ನಿಂತು ಮತ್ತೆ ಬಡಿದುಕೊಂಡಿತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು.

"ಊಂ, ಗಗನನ ಮನೇನೇ. ಅವ್ಳು ಊಟಕ್ಕೆ ಕೂತವ್ಳೆ." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಅದೆಲ್ಲ ಇರ್ಲಿ ಕಣಪ್ಪ. ನೀವು ವಂತಿಗೆ ಕೊಟ್ಟೋರಾ, ಸಮುದಾಯದೋರಾ?"

ಉತ್ತರ ಕೇಳಿ ಫೋನನ್ನು ಮೆಲ್ಲಗೆ ಇಟ್ಟು, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವ್ವನಿಗೂ ಚಳವಳಿ ಅರ್ಥವಾಗತೊಡಗಿದೆ.